ನಿರ್ದೇಶಕ ಸರ್ವನಾಮ: ಇಂಗ್ಲಿಷ್ ವ್ಯಾಕರಣದ ಒಂದು ವರ್ಗ, ಕನ್ನಡ ತರಗತಿಯ ಒಂದು ಸಮೀಕರಣ

ಕರ್ನಾಟಕದ ಶಾಲೆಗಳಲ್ಲಿ ಇಂಗ್ಲಿಷ್ ಕಲಿಯಲು ತೊಡಗುವ ವಿದ್ಯಾರ್ಥಿಗೆ ಮೊದಲ ಪಾಠಗಳಲ್ಲಿಯೇ ಎದುರಾಗುವ ನಾಲ್ಕು ಪದಗಳೆಂದರೆ ‘ದಿಸ್’, ‘ದಟ್’, ‘ದೀಸ್’, ‘ದೋಸ್’. ಇವುಗಳ ಮುಂದೆ ಕ್ರಮವಾಗಿ ಇದು, ಅದು, ಇವು, ಅವು ಎಂಬ ಕನ್ನಡ ಪದಗಳನ್ನು ಕರಿಹಲಗೆಯ ಮೇಲೆ ಬರೆದು, ಹತ್ತಿರದ ವಸ್ತುವಿಗೆ ಮೊದಲನೆಯದು, ದೂರದ ವಸ್ತುವಿಗೆ ಎರಡನೆಯದು ಎಂದು ತಿಳಿಸಿ ಮುಂದಿನ ಪಾಠಕ್ಕೆ ಸಾಗುವುದು ಬಹುಕಾಲದ ರೂಢಿ. 2007–08ರಿಂದ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಒಂದನೆಯ ತರಗತಿಯಿಂದಲೇ ಒಂದು ವಿಷಯವಾಗಿ ಬಂದ ಮೇಲಂತೂ ಈ ಸಮೀಕರಣ ಆರು ವರ್ಷದ ಮಗುವಿನ ಬಾಯಿಪಾಠವಾಗಿದೆ. ಮೇಲ್ನೋಟಕ್ಕೆ ಇಷ್ಟೊಂದು ಸರಳವಾಗಿ ಕಾಣುವ ವಿಷಯವನ್ನು ಕನ್ನಡ ವಿಭಾಗದ ಪತ್ರಿಕೆಯೊಂದರಲ್ಲಿ ಚರ್ಚಿಸುವ ಅಗತ್ಯವೇನೆಂಬ ಪ್ರಶ್ನೆ ಸಹಜವಾಗಿಯೇ ಏಳಬಹುದು. ಆದರೆ ಈ ಸಮೀಕರಣದ ಎರಡೂ ಬದಿಗಳು ದೋಷಯುಕ್ತವಾಗಿವೆ; ಇಂಗ್ಲಿಷಿನ ನಾಲ್ಕು ಪದಗಳು ‘ನಿರ್ದೇಶಕ ಸರ್ವನಾಮ’ವೆಂಬ ವರ್ಗದೊಳಗೆ ಸರಿಯಾಗಿ ಕೂರುವುದಿಲ್ಲ, ಕನ್ನಡದ ಪದಗಳಂತೂ ಆ ವರ್ಗಕ್ಕೆ ಇನ್ನೂ ಒಗ್ಗುವುದಿಲ್ಲ. ಪರಿಣಾಮವಾಗಿ ವಿದ್ಯಾರ್ಥಿಯ ಇಂಗ್ಲಿಷ್ ಒಂದು ಬಗೆಯಲ್ಲಿ ಕೆಡುತ್ತಿದ್ದರೆ, ವಿದ್ವಾಂಸರ ಕನ್ನಡ ಗದ್ಯ ಇನ್ನೊಂದು ಬಗೆಯಲ್ಲಿ ಕೆಡುತ್ತಿದೆ. ಈ ಎರಡನೆಯ ಕೇಡಿನ ಹೊಣೆಯನ್ನು ಇಂಗ್ಲಿಷ್ ಅಧ್ಯಾಪಕರ ಮೇಲೆ ಹೊರಿಸುವಂತಿಲ್ಲ.

ಮೊದಲು ಇಂಗ್ಲಿಷಿನ ಸಂಗತಿಯನ್ನೇ ನೋಡಬಹುದು. 1795ರಲ್ಲಿ ಪ್ರಕಟವಾದ ಲಿಂಡ್ಲಿ ಮರ್ರೆಯ ಇಂಗ್ಲಿಷ್ ವ್ಯಾಕರಣ ಈ ಪದಗಳನ್ನು ‘ವಿಶೇಷಣ ಸರ್ವನಾಮ’ಗಳೆಂಬ ಗುಂಪಿಗೆ ಸೇರಿಸಿ, ಆ ಗುಂಪನ್ನು ಸ್ವಾಮ್ಯಸೂಚಕ, ವಿಭಾಜಕ, ನಿರ್ದೇಶಕ, ಅನಿಶ್ಚಿತ ಎಂದು ನಾಲ್ಕಾಗಿ ಒಡೆದಿತ್ತು. ವಿಶೇಷಣವೂ ಹೌದು, ಸರ್ವನಾಮವೂ ಹೌದು ಎಂಬ ಆ ಹೆಸರಿನಲ್ಲಿಯೇ ವ್ಯಾಕರಣಕಾರನ ಅನುಮಾನ ಅಡಗಿದೆ. ಮುಂದೆ ಭಾರತದ ಶಾಲೆಗಳನ್ನು ಆಳಿದ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣದಲ್ಲಿ ಈ ಅನುಮಾನ ಮಾಯವಾಗಿ, ಒಂದೇ ಪದ ಎರಡು ಕೋಣೆಗಳಲ್ಲಿ ಪ್ರತ್ಯೇಕವಾಗಿ ವಾಸಿಸತೊಡಗಿತು. ನಾಮಪದದ ಮುಂದೆ ಬಂದರೆ ‘ನಿರ್ದೇಶಕ ವಿಶೇಷಣ’, ಒಂಟಿಯಾಗಿ ಬಂದರೆ ‘ನಿರ್ದೇಶಕ ಸರ್ವನಾಮ’. ‘ದಿಸ್ ಬುಕ್ ಈಸ್ ಮೈನ್’ ಎಂಬಲ್ಲಿ ವಿಶೇಷಣ, ‘ದಿಸ್ ಈಸ್ ಮೈ ಬುಕ್’ ಎಂಬಲ್ಲಿ ಸರ್ವನಾಮ. ಅಡಿಗೆರೆ ಎಳೆದ ಪದ ಯಾವುದೆಂದು ಗುರುತಿಸುವ ಪರೀಕ್ಷೆಯ ಪ್ರಶ್ನೆಗೆ ಈ ವಿಭಜನೆ ಬಹಳ ಅನುಕೂಲ. ಭಾಷೆಯನ್ನು ಬಲ್ಲವರಾಗುವುದಕ್ಕೆ ಅದರಿಂದ ಎಷ್ಟು ಅನುಕೂಲವೆಂಬುದು ಬೇರೆಯೇ ಪ್ರಶ್ನೆ.

‘ನಾಮಪದದ ಬದಲಿಗೆ ಬರುವ ಪದ ಸರ್ವನಾಮ’ ಎಂಬ ವ್ಯಾಖ್ಯೆಯನ್ನು ಕನ್ನಡದ ಶಾಲಾ ವ್ಯಾಕರಣಗಳೂ ಹೇಳುತ್ತ ಬಂದಿವೆ. ಈ ವ್ಯಾಖ್ಯೆ ಬಂದಿರುವುದು ಗ್ರೀಕ್–ಲ್ಯಾಟಿನ್ ಪರಂಪರೆಯಿಂದ, ಇಂಗ್ಲಿಷಿನ ಮೂಲಕ. ‘ಪ್ರೊನೌನ್’ ಎಂಬ ಪದದ ರಚನೆಯೇ ಅದನ್ನು ಸಾರುತ್ತದೆ. ಆದರೆ ಹೆಸರು ತಿಳಿಯದ ವಸ್ತುವೊಂದನ್ನು ಕೈಯಲ್ಲಿ ಹಿಡಿದು ‘ಇದೇನು?’ ಎಂದು ಮಗು ಕೇಳಿದಾಗ ಅಲ್ಲಿ ಯಾವ ನಾಮಪದದ ಬದಲಿಗೆ ‘ಇದು’ ಬಂದಿದೆ? ನಾಮಪದ ಗೊತ್ತಿದ್ದರೆ ಮಗು ಕೇಳುತ್ತಲೇ ಇರಲಿಲ್ಲ. ಬದಲಿಯಾಗಿ ನಿಲ್ಲುವುದು ಬೇರೆ, ಬೆರಳು ತೋರುವುದು ಬೇರೆ. ಕ್ರಿಸ್ತಶಕ ಎರಡನೆಯ ಶತಮಾನದ ಗ್ರೀಕ್ ವ್ಯಾಕರಣಕಾರ ಅಪೊಲೋನಿಯಸ್ ಡಿಸ್ಕೊಲಸ್ ಈ ಎರಡನ್ನೂ ಬೇರ್ಪಡಿಸಿ ನೋಡಿದ್ದ. ಆ ಬೇರ್ಪಾಟು ಶಾಲಾ ವ್ಯಾಕರಣದ ತನಕ ಇಳಿದುಬರಲಿಲ್ಲವಷ್ಟೆ. ಸಂಸ್ಕೃತದ ದಾರಿಯಂತೂ ಬೇರೆಯೇ. ಪಾಣಿನಿಯ ‘ಸರ್ವನಾಮ’ ಎಂಬುದು ‘ಸರ್ವ’ ಮೊದಲಾದ ಪದಗಳ ಒಂದು ಪಟ್ಟಿ. ರೂಪನಿಷ್ಪತ್ತಿಯಲ್ಲಿ ಸಮಾನವಾಗಿ ನಡೆದುಕೊಳ್ಳುವ ಪದಗಳ ಗಣ ಅದು. ಅದರಲ್ಲಿ ಇದಮ್, ಏತದ್, ಅದಸ್, ತದ್ ಎಂಬ ನಾಲ್ಕು ನಿರ್ದೇಶಕಗಳಿವೆ. ಹತ್ತಿರದ್ದಕ್ಕೆ ಇದಮ್, ಇನ್ನೂ ಹತ್ತಿರದ್ದಕ್ಕೆ ಏತದ್, ದೂರದ್ದಕ್ಕೆ ಅದಸ್, ಕಣ್ಣಿಗೆ ಕಾಣದ ಪರೋಕ್ಷಕ್ಕೆ ತದ್ ಎಂದು ಸಾಂಪ್ರದಾಯಿಕರು ವಿವರಿಸುತ್ತಾರೆ. ದೂರವಿರುವುದು ಮತ್ತು ಕಣ್ಮುಂದೆ ಇಲ್ಲದಿರುವುದು ಒಂದೇ ಅಲ್ಲವೆಂಬ ಈ ಅರಿವು ಮುಂದಿನ ಚರ್ಚೆಗೆ ಬೇಕಾದದ್ದು.

ಆಧುನಿಕ ಇಂಗ್ಲಿಷ್ ವ್ಯಾಕರಣಗಳು ರೆನ್ ಮತ್ತು ಮಾರ್ಟಿನ್ ಅವರ ಎರಡು ಕೋಣೆಗಳನ್ನು ಬಿಟ್ಟು ಎಂದೋ ಹೊರಬಂದಿವೆ. ಕ್ವರ್ಕ್ ಮತ್ತು ಸಂಗಡಿಗರು 1985ರಲ್ಲಿ ಹೊರತಂದ ಬೃಹತ್ ವ್ಯಾಕರಣದಲ್ಲಿ ನಾಮಪದದ ಮುಂದಿನ ‘ದಿಸ್’ ವಿಶೇಷಣವಾಗಿ ಉಳಿಯದೆ ‘ನಿರ್ಧಾರಕ’ವಾಯಿತು. ಹಡಲ್‌ಸ್ಟನ್ ಮತ್ತು ಪುಲ್ಲಮ್ ಅವರ 2002ರ ಕೇಂಬ್ರಿಜ್ ವ್ಯಾಕರಣ ಇನ್ನೂ ಮುಂದೆ ಹೋಗಿ, ಒಂಟಿಯಾಗಿ ಬಂದಾಗಲೂ ‘ದಿಸ್’ ಸರ್ವನಾಮವೇ ಅಲ್ಲ, ನಿರ್ಧಾರಕವೇ ತನ್ನೊಳಗೆ ನಾಮದ ಸ್ಥಾನವನ್ನೂ ಬೆಸೆದುಕೊಂಡಿದೆ ಎಂದು ವಾದಿಸುತ್ತದೆ. ಹ್ಯಾಲಿಡೇ ಮತ್ತು ಹಸನ್ ಅವರ 1976ರ ಗ್ರಂಥವಾದರೋ ವಾಕ್ಯವನ್ನು ಮೀರಿ, ಒಂದು ಪಠ್ಯದ ಭಾಗಗಳನ್ನು ಹೆಣೆಯುವ ಸಾಧನಗಳಾಗಿ ಈ ಪದಗಳನ್ನು ಪರಿಶೀಲಿಸಿತು. ಈ ಮತಗಳಲ್ಲಿ ಯಾವುದು ಸರಿಯೆಂಬುದು ಇಲ್ಲಿ ಮುಖ್ಯವಲ್ಲ. ಇಂಗ್ಲಿಷನ್ನು ಕುರಿತು ಇಂಗ್ಲಿಷಿನ ವಿದ್ವಾಂಸರೇ ಕೈಬಿಟ್ಟ ವರ್ಗೀಕರಣವೊಂದು ಕನ್ನಡವನ್ನು ವಿವರಿಸಲು ಇಂದಿಗೂ ಬಳಕೆಯಾಗುತ್ತಿದೆ ಎಂಬುದು ಮುಖ್ಯ. ಕೆಲವು ಮಾರ್ಗದರ್ಶಿ ಪುಸ್ತಕಗಳು ಕನ್ನಡದ ಪುರುಷಾರ್ಥಕ, ಪ್ರಶ್ನಾರ್ಥಕ, ಆತ್ಮಾರ್ಥಕ ಸರ್ವನಾಮಗಳ ಸಾಲಿಗೆ ‘ನಿರ್ದೇಶಕ ಸರ್ವನಾಮ’ವೆಂಬ ನಾಲ್ಕನೆಯದನ್ನು ಸೇರಿಸಿ, ಅದಕ್ಕೆ ಉದಾಹರಣೆಯಾಗಿ ‘ಅದು, ಇದು’ ಎಂದು ಬರೆಯುತ್ತವೆ. ಅದೇ ಪುಟದಲ್ಲಿ, ಕೆಲವೇ ಸಾಲುಗಳ ಮೇಲೆ, ಪುರುಷಾರ್ಥಕ ಸರ್ವನಾಮಕ್ಕೂ ‘ಅದು’ ಉದಾಹರಣೆಯಾಗಿ ಬಂದಿರುತ್ತದೆ!

ಈ ಗೊಂದಲ ಕೇವಲ ಅಜಾಗರೂಕತೆಯಲ್ಲ. ಇಂಗ್ಲಿಷಿನಲ್ಲಿ ‘ಹೀ, ಶೀ, ಇಟ್, ದೇ’ ಎಂಬ ಪುರುಷವಾಚಕಗಳ ಸಾಲು ಬೇರೆ, ‘ದಿಸ್, ದಟ್, ದೀಸ್, ದೋಸ್’ ಎಂಬ ನಿರ್ದೇಶಕಗಳ ಸಾಲು ಬೇರೆ. ಕನ್ನಡದಲ್ಲಿ ಈ ಎರಡು ಸಾಲುಗಳೇ ಇಲ್ಲ. ಅವನು, ಅವಳು, ಅವರು, ಅದು, ಅವು ಎಂಬುವು ಒಂದೇ ಉಸಿರಿನಲ್ಲಿ ಪುರುಷವಾಚಕಗಳೂ ಹೌದು, ನಿರ್ದೇಶಕಗಳೂ ಹೌದು. ಗೌರವದ ಆತ–ಈತ, ಆಕೆ–ಈಕೆಗಳಲ್ಲಿಯೂ ಇದೇ ಜೋಡಿ. ಅಕಾರವನ್ನೋ ಇಕಾರವನ್ನೋ ಆಯ್ದುಕೊಳ್ಳದೆ ಕನ್ನಡಿಗನೊಬ್ಬ ಮೂರನೆಯ ವ್ಯಕ್ತಿಯನ್ನು ಸರ್ವನಾಮದಿಂದ ಸೂಚಿಸುವುದೇ ಅಸಾಧ್ಯ. ಕಾಲ್ಡ್‌ವೆಲ್ 1856ರ ತನ್ನ ತೌಲನಿಕ ವ್ಯಾಕರಣದಲ್ಲಿಯೇ ದ್ರಾವಿಡ ಭಾಷೆಗಳಿಗೆ ಪ್ರತ್ಯೇಕವಾದ ಅನ್ಯಪುರುಷ ಸರ್ವನಾಮವಿಲ್ಲವೆಂದೂ ನಿರ್ದೇಶಕ ಧಾತುಗಳಿಂದಲೇ ಆ ಕೆಲಸ ನಡೆಯುತ್ತದೆಂದೂ ಗುರುತಿಸಿದ್ದ. ಡಿ.ಎನ್. ಶಂಕರ ಭಟ್ಟರು 2004ರಲ್ಲಿ ಆಕ್ಸ್‌ಫರ್ಡ್‌ನಿಂದ ಪ್ರಕಟವಾದ ಸರ್ವನಾಮಗಳನ್ನು ಕುರಿತ ಗ್ರಂಥದಲ್ಲಿ ಈ ಸಂಗತಿಯನ್ನು ಜಗತ್ತಿನ ಭಾಷೆಗಳ ಹಿನ್ನೆಲೆಯಲ್ಲಿ ಇರಿಸಿ, ಅನ್ಯಪುರುಷವು ನಿರ್ದೇಶಕಗಳೊಂದಿಗೆ ಸೇರಿಹೋಗುವ ‘ಇಬ್ಬರ’ ಭಾಷೆಗಳು, ಅದು ಬೇರೆಯಾಗಿ ನಿಲ್ಲುವ ‘ಮೂವರ’ ಭಾಷೆಗಳು ಎಂಬ ಭೇದವನ್ನು ಪ್ರತಿಪಾದಿಸಿದರು. ಮರುವರ್ಷ ಪ್ರಕಟವಾದ ಜಾಗತಿಕ ಭಾಷಾರಚನೆಗಳ ಭೂಪಟ ಸಂಪುಟಕ್ಕೆ ಅವರು ಬರೆದ ಅಧ್ಯಾಯದ 225 ಭಾಷೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಅನ್ಯಪುರುಷಕ್ಕೂ ನಿರ್ದೇಶಕಕ್ಕೂ ಒಂದಲ್ಲ ಒಂದು ಬಗೆಯ ನಂಟು ಕಾಣುತ್ತದೆ. ಅಂದರೆ ಕನ್ನಡದ ವ್ಯವಸ್ಥೆ ಕೊರತೆಯೂ ಅಲ್ಲ, ವಿಚಿತ್ರವೂ ಅಲ್ಲ.

ಇಂಗ್ಲಿಷಿನ ಪೂರ್ವಚರಿತ್ರೆಯನ್ನು ಕೆದಕಿದರೆ ಅಲ್ಲಿಯೂ ಇದೇ ನಂಟು ಹೊರಬರುತ್ತದೆ. ‘ಹೀ’ ಎಂಬ ಪದ ‘ಹಿಯರ್’, ‘ಹಿದರ್’ ಎಂಬ ಪದಗಳ ಬಂಧು. ‘ಈ’ ಎಂಬ ಅರ್ಥದ ಪ್ರಾಚೀನ ಜರ್ಮಾನಿಕ್ ಧಾತುವಿನಿಂದ ಹುಟ್ಟಿದ್ದು. ‘ದೇ’ ಎಂಬುದು ಸ್ಕಾಂಡಿನೇವಿಯದ ವಲಸಿಗರಿಂದ ಬಂದ ಪದ, ಅವರ ಭಾಷೆಯಲ್ಲಿ ಮೂಲತಃ ನಿರ್ದೇಶಕ. ‘ದಿ’ ಎಂಬ ಉಪಪದವೂ ‘ದಟ್’ ಎಂಬ ನಿರ್ದೇಶಕವೂ ಒಡಹುಟ್ಟಿದವು. ಹಳೆಯ ಇಂಗ್ಲಿಷಿನ ಒಂದೇ ಪದದ ಪುಲ್ಲಿಂಗ, ನಪುಂಸಕ ರೂಪಗಳು ಕವಲೊಡೆದು ಎರಡು ದಾರಿ ಹಿಡಿದವು. ‘ದೋಸ್’ ಎಂಬುದರ ಕಥೆ ಇನ್ನೂ ಸೋಜಿಗದ್ದು. ಇಂದು ‘ದಟ್’ ಎಂಬುದರ ಬಹುವಚನವೆಂದು ಕಲಿಸಲಾಗುವ ಈ ರೂಪ ಚಾರಿತ್ರಿಕವಾಗಿ ‘ದಿಸ್’ ಎಂಬುದರ ಬಹುವಚನ. ‘ದಟ್’ ಎಂಬುದಕ್ಕಿದ್ದ ‘ತೋ’ ಎಂಬ ಹಳೆಯ ಬಹುವಚನ ಮಧ್ಯಕಾಲದ ಬಳಿಕ ಬಿದ್ದುಹೋಗಿ, ಹತ್ತಿರದ ಗುಂಪಿನ ಒಂದು ರೂಪ ದೂರದ ಗುಂಪಿಗೆ ದತ್ತು ಹೋಯಿತು. ದೂರದಲ್ಲಿ ಕಾಣುವುದನ್ನು ಸೂಚಿಸುತ್ತಿದ್ದ ‘ಯಾನ್’ ಎಂಬ ಮೂರನೆಯ ನಿರ್ದೇಶಕವೂ ಶಿಷ್ಟ ಇಂಗ್ಲಿಷಿನಿಂದ ಮರೆಯಾಗಿ ಸ್ಕಾಟ್ಲೆಂಡಿನಲ್ಲಿಯೂ ಉತ್ತರದ ಉಪಭಾಷೆಗಳಲ್ಲಿಯೂ ಮಾತ್ರ ಉಳಿದಿದೆ. ಕನ್ನಡವೂ ಒಂದನ್ನು ಕಳೆದುಕೊಂಡಿದೆ: ಹಳಗನ್ನಡದ ಅ–ಇ–ಉ ಎಂಬ ಮೂರರಲ್ಲಿ ನಡುದೂರದ ಉಕಾರ ಹೊಸಗನ್ನಡಕ್ಕೆ ಬರಲಿಲ್ಲ. ಒಂದು ಭಾಷೆ ಅಂಚನ್ನು ಕಳೆದುಕೊಂಡಿತು, ಇನ್ನೊಂದು ನಡುವನ್ನು.

ಈ ಚರಿತ್ರೆ ತರಗತಿಗೆ ಹೇಗೆ ಸಂಬಂಧಿಸುತ್ತದೆಂಬುದು ವಿದ್ಯಾರ್ಥಿಗಳ ಉತ್ತರಪತ್ರಿಕೆಗಳನ್ನು ನೋಡಿದರೆ ತಿಳಿಯುತ್ತದೆ. ‘ಪುಸ್ತಕ ಎಲ್ಲಿದೆ?’ ಎಂಬ ಪ್ರಶ್ನೆಗೆ ಕನ್ನಡದಲ್ಲಿ ‘ಅದು ಮೇಜಿನ ಮೇಲಿದೆ’ ಎಂದೋ, ಸರ್ವನಾಮವೇ ಇಲ್ಲದೆ ‘ಮೇಜಿನ ಮೇಲಿದೆ’ ಎಂದೋ ಉತ್ತರಿಸುತ್ತಾರೆ. ಇಂಗ್ಲಿಷಿನಲ್ಲಿ ಇಲ್ಲಿ ‘ಇಟ್’ ಬರಬೇಕು. ‘ಅದು’ ಎಂದರೆ ‘ದಟ್’ ಎಂದು ಬಾಯಿಪಾಠ ಮಾಡಿದ ವಿದ್ಯಾರ್ಥಿ ‘ದಟ್ ಈಸ್ ಆನ್ ದಿ ಟೇಬಲ್’ ಎಂದು ಬರೆಯುತ್ತಾನೆ. ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ, ಆದರೆ ಇಂಗ್ಲಿಷ್ ಕಿವಿಗೆ ಅವನು ಬೇರೊಂದು ಪುಸ್ತಕವನ್ನು ಬೆರಳು ಮಾಡಿ ತೋರುತ್ತಿರುವಂತೆ ಕೇಳಿಸುತ್ತದೆ. ಈ ತಪ್ಪಿಗೆ ಕಾರಣ ವಿದ್ಯಾರ್ಥಿಯ ಅಲಕ್ಷ್ಯವಲ್ಲ. ಅವನಿಗೆ ಕೊಟ್ಟ ಸಮೀಕರಣವನ್ನು ಅವನು ನಿಷ್ಠೆಯಿಂದ ಪಾಲಿಸಿದ್ದಾನೆ. ಕನ್ನಡದ ‘ಅದು’ ಇಂಗ್ಲಿಷಿನ ‘ಇಟ್’ ಮತ್ತು ‘ದಟ್’ ಎರಡರ ಕ್ಷೇತ್ರವನ್ನೂ ಒಳಗೊಳ್ಳುತ್ತದೆಂದು ಹೇಳಿಕೊಡಬೇಕಾದವರು ಹೇಳಿಕೊಟ್ಟಿಲ್ಲ. ‘ದಿಸ್ ಬಾಯ್ಸ್’ ಎಂಬ ಇನ್ನೊಂದು ತಪ್ಪಿನ ಮೂಲವೂ ಕನ್ನಡದ ರಚನೆಯಲ್ಲಿದೆ. ‘ಈ ಹುಡುಗ’, ‘ಈ ಹುಡುಗರು’ ಎಂಬಲ್ಲಿ ‘ಈ’ ಬದಲಾಗುವುದಿಲ್ಲ. ಇಂಗ್ಲಿಷಿನ ವಿಶೇಷಣಗಳೂ ವಚನಕ್ಕೆ ತಕ್ಕಂತೆ ಬದಲಾಗುವುದಿಲ್ಲವಾದರೂ ಈ ನಿರ್ದೇಶಕಗಳು ಮಾತ್ರ ನಾಮದ ವಚನವನ್ನು ಅನುಸರಿಸುತ್ತವೆ. ‘ಈ, ಆ’ ಎಂಬುವು ‘ಇದು, ಅದು’ಗಳಿಂದ ರೂಪದಲ್ಲಿಯೇ ಬೇರೆ ಎಂಬ ಭೇದವನ್ನು ಕನ್ನಡ ಎಷ್ಟು ಸ್ಪಷ್ಟವಾಗಿ ಕಾಪಾಡಿಕೊಂಡಿದೆಯೆಂದರೆ, ರೆನ್ ಮತ್ತು ಮಾರ್ಟಿನ್ ಅವರ ಎರಡು ಕೋಣೆಗಳು ಇಂಗ್ಲಿಷಿಗಿಂತ ಕನ್ನಡಕ್ಕೇ ಚೆನ್ನಾಗಿ ಒಪ್ಪುತ್ತವೆ ಎನ್ನಬಹುದು!

ಮನುಷ್ಯರನ್ನು ಸೂಚಿಸುವಲ್ಲಿ ಎರಡು ಭಾಷೆಗಳ ನಡುವಣ ಅಂತರ ಇನ್ನೂ ಆಳವಾಗಿದೆ. ‘ದಿಸ್ ಈಸ್ ಮೈ ಫಾದರ್’ ಎಂದು ಪರಿಚಯಿಸುವುದು ಇಂಗ್ಲಿಷಿನಲ್ಲಿ ಸಹಜ, ಸಭ್ಯ. ಕನ್ನಡದಲ್ಲಿ ‘ಇದು ನಮ್ಮ ತಂದೆ’ ಎಂದರೆ ಅಪಹಾಸ್ಯವಾದೀತು. ‘ಇವರು ನಮ್ಮ ತಂದೆ’ ಎನ್ನಲೇಬೇಕು. ಒಂಟಿಯಾಗಿ ನಿಂತ ಕನ್ನಡದ ನಿರ್ದೇಶಕ ಲಿಂಗ, ವಚನ, ಗೌರವಗಳನ್ನು ಮೈಮೇಲೆ ಹೊತ್ತಿರುತ್ತದೆ. ಇಂಗ್ಲಿಷಿನಲ್ಲಾದರೆ ಒಂಟಿ ‘ದಿಸ್’, ‘ದಟ್’ಗಳು ವ್ಯಕ್ತಿಯನ್ನು ಗುರುತಿಸಿ ಹೇಳುವ ವಾಕ್ಯಗಳಲ್ಲಿ ಮಾತ್ರ ಮನುಷ್ಯರಿಗೆ ಒಪ್ಪುತ್ತವೆ. ‘ಇವನನ್ನು ಕಂಡೆ’ ಎಂಬುದನ್ನು ‘ಐ ಸಾ ದಿಸ್’ ಎಂದು ಹೇಳುವಂತಿಲ್ಲ. ಬಹುವಚನದ ‘ದೋಸ್ ಹೂ’ ಎಂಬ ರಚನೆಯಲ್ಲಿ ಮಾತ್ರ ಮನುಷ್ಯಾರ್ಥ ಧಾರಾಳವಾಗಿ ಬರುತ್ತದೆ. ಕನ್ನಡದಲ್ಲಿ ಹಸುಳೆಯನ್ನು ‘ಅದು’ ಎನ್ನುವುದು ವಾತ್ಸಲ್ಯ, ಬೆಳೆದವನನ್ನು ‘ಅದು’ ಎನ್ನುವುದು ತಿರಸ್ಕಾರ. ಹಳೆಯ ತಲೆಮಾರಿನ ಹೆಂಗಸರು ಗಂಡನ ಹೆಸರನ್ನು ಹೇಳದೆ ‘ಇವರು ಊರಿಗೆ ಹೋಗಿದ್ದಾರೆ’ ಎನ್ನುತ್ತಿದ್ದುದನ್ನು ನೆನೆಯಬಹುದು. ಊರಿಗೆ ಹೋದವರು ಹತ್ತಿರದಲ್ಲಿಲ್ಲ, ಆದರೂ ಇಕಾರ. ಹತ್ತಿರ–ದೂರಗಳ ಅಳತೆಗೋಲಿನಿಂದ ಈ ‘ಇವರು’ ಎಂಬುದನ್ನು ಅಳೆಯಲು ಸಾಧ್ಯವೇ ಇಲ್ಲ.

ಹಾಗೆ ನೋಡಿದರೆ ಹತ್ತಿರ–ದೂರವೆಂಬ ವಿವರಣೆ ಎರಡೂ ಭಾಷೆಗಳಲ್ಲಿ ನಿರ್ದೇಶಕಗಳ ಬಳಕೆಯ ಒಂದು ಸಣ್ಣ ಭಾಗವನ್ನು ಮಾತ್ರ ಹಿಡಿಯುತ್ತದೆ. ಇಂಗ್ಲಿಷಿನ ಆಡುಮಾತಿನಲ್ಲಿ ಕಥೆ ಹೇಳುವವನು ಕೇಳುಗನಿಗೆ ಗೊತ್ತೇ ಇಲ್ಲದ ವ್ಯಕ್ತಿಯನ್ನು ‘ದೇರ್ ವಾಸ್ ದಿಸ್ ಮ್ಯಾನ್’ ಎಂದು ಪ್ರವೇಶಗೊಳಿಸುತ್ತಾನೆ; ಕನ್ನಡದಲ್ಲಿ ಅಲ್ಲಿ ‘ಒಬ್ಬ’ ಬರಬೇಕೇ ಹೊರತು ‘ಈ’ ಅಲ್ಲ. ಆಗಲೇ ಆಡಿದ ಮಾತನ್ನು ಒಪ್ಪುವಾಗ ಇಂಗ್ಲಿಷಿನವರು ‘ದಟ್’ ಎನ್ನುತ್ತಾರೆ, ಇನ್ನು ಆಡಲಿರುವ ಮಾತಿಗೆ ‘ದಿಸ್’. ಇಷ್ಟವಿಲ್ಲದವನನ್ನು ಕುರಿತು ‘ದಟ್ ಮ್ಯಾನ್’ ಎನ್ನುವಾಗ ಅವನು ಎದುರಿಗೇ ನಿಂತಿರಬಹುದು. ಕನ್ನಡದಲ್ಲಿಯೂ ಅಕಾರವು ದೂರಕ್ಕಿಂತ ಹೆಚ್ಚಾಗಿ, ಮಾತಿನಲ್ಲಿ ಈಗಾಗಲೇ ಬಂದುಹೋದದ್ದನ್ನು, ಇಬ್ಬರಿಗೂ ತಿಳಿದದ್ದನ್ನು ಸೂಚಿಸುತ್ತದೆ. ಕಾದಂಬರಿಯ ನಾಯಕ ಪುಟದುದ್ದಕ್ಕೂ ‘ಅವನು’ ಆಗಿರುವುದು ಅವನು ದೂರದಲ್ಲಿರುವುದರಿಂದಲ್ಲ. ಕನ್ನಡದ ಅಕಾರ ಸಾಮಾನ್ಯ, ಇಕಾರ ವಿಶೇಷ. ಸಂಸ್ಕೃತದವರು ಅದಸ್ ಮತ್ತು ತದ್ ಎಂದು ಬೇರ್ಪಡಿಸಿದ ಎರಡು ಕೆಲಸಗಳನ್ನು ಕನ್ನಡದ ಒಂದೇ ಅಕಾರ ಹೊತ್ತುಕೊಂಡಿದೆ. ಕಾರ್ಲ್ ಬ್ಯೂಲರ್ 1934ರಲ್ಲಿ ಹೇಳಿದ, ‘ನಾನು–ಇಲ್ಲಿ–ಈಗ’ ಎಂಬ ಮೂಲಬಿಂದುವಿನಿಂದ ಹರಡುವ ನಿರ್ದೇಶನ ಕ್ಷೇತ್ರದ ಕಲ್ಪನೆ ಈ ವಿಷಯದಲ್ಲಿ ‘ಹತ್ತಿರ–ದೂರ’ಕ್ಕಿಂತ ಹೆಚ್ಚು ಉಪಯುಕ್ತ.

ಇನ್ನು ವಿದ್ವಾಂಸರ ಗದ್ಯದ ಮಾತು. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವ ಅನುವಾದಗಳಲ್ಲಿ ‘ದಿ’ ಇದ್ದೆಡೆಯೆಲ್ಲ ‘ಆ’ ಹಾಕುವ ಚಾಳಿ ಬೆಳೆದಿದೆ. ‘ಆ ಸೂರ್ಯನು ಮುಳುಗಿದನು’ ಎಂಬಷ್ಟು ಹಾಸ್ಯಾಸ್ಪದವಾಗಿ ಯಾರೂ ಬರೆಯಲಿಕ್ಕಿಲ್ಲ. ಆದರೆ ‘ಆ ಸಮಾಜದ ಆ ರಚನೆಯಲ್ಲಿ ಆ ವರ್ಗದ ಪಾತ್ರ’ ಎಂಬ ಬಗೆಯ ವಾಕ್ಯಗಳು ಅಪರೂಪವಲ್ಲ. ಕನ್ನಡಕ್ಕೆ ಉಪಪದವಿಲ್ಲವೆಂಬ ಕೀಳರಿಮೆಯಿಂದ ಹುಟ್ಟಿದ ಅತಿಶಿಸ್ತು ಇದರ ಹಿಂದಿದೆ. ‘ಪುಸ್ತಕ ತಂದೆ’, ‘ಪುಸ್ತಕವನ್ನು ತಂದೆ’ ಎಂಬ ಎರಡು ವಾಕ್ಯಗಳ ನಡುವೆ ದ್ವಿತೀಯಾ ಪ್ರತ್ಯಯವೊಂದೇ ನಿಶ್ಚಿತತೆಯನ್ನು ಸೂಚಿಸಬಲ್ಲದೆಂಬುದನ್ನು ಮರೆತಾಗ ‘ಆ’ ಎಂಬುದು ಊರುಗೋಲಾಗುತ್ತದೆ.

ಇದಕ್ಕಿಂತ ಗಂಭೀರವಾದದ್ದು ಹಿಂದಿನ ಇಡೀ ವಾಕ್ಯವನ್ನು ಸೂಚಿಸುವ ಒಂಟಿ ‘ಇದು’. ಇಂಗ್ಲಿಷಿನ ಬೌದ್ಧಿಕ ಗದ್ಯದಲ್ಲಿ ‘ದಿಸ್’ ಎಂದು ವಾಕ್ಯವನ್ನು ಆರಂಭಿಸುವುದು ಸಾಮಾನ್ಯ. ಅಲ್ಲಿನ ಬರವಣಿಗೆಯ ಕೈಪಿಡಿಗಳು ಕೂಡ ಹಾಗೆ ಬರೆಯುವಾಗ ‘ದಿಸ್’ ಎಂಬುದರ ಮುಂದೆ ಒಂದು ನಾಮಪದವನ್ನು ಇಡಿರೆಂದು ವಿದ್ಯಾರ್ಥಿಗಳನ್ನು ಎಚ್ಚರಿಸುತ್ತವೆ. ಕನ್ನಡ ಸಂಶೋಧನ ಪ್ರಬಂಧಗಳಿಗೆ ‘ದಿಸ್’ ಬಂದಿದೆ, ಎಚ್ಚರಿಕೆ ಬಂದಿಲ್ಲ. ಮಾದರಿಗೆಂದು ಕಲ್ಪಿಸಿದ ಮೂರು ವಾಕ್ಯಗಳನ್ನು ನೋಡಬಹುದು: ‘ಕವಿ ಮಾರ್ಗದ ಛಂದಸ್ಸನ್ನು ಬಿಟ್ಟು ದೇಸಿಯನ್ನು ಆಯ್ದುಕೊಂಡನು. ಇದು ಮುಂದಿನವರ ಮೇಲೆ ಪ್ರಭಾವ ಬೀರಿತು. ಇದನ್ನು ವಿಮರ್ಶಕರು ಗುರುತಿಸಲಿಲ್ಲ.’ ಪ್ರಭಾವ ಬೀರಿದ್ದು ಬಿಟ್ಟುಕೊಟ್ಟ ಕ್ರಿಯೆಯೋ, ಆಯ್ದುಕೊಂಡ ಕ್ರಿಯೆಯೋ, ದೇಸಿ ಛಂದಸ್ಸೋ? ವಿಮರ್ಶಕರು ಗುರುತಿಸದೆ ಹೋದದ್ದು ಆಯ್ಕೆಯನ್ನೋ, ಪ್ರಭಾವವನ್ನೋ? ಲೇಖಕನಿಗೆ ಗೊತ್ತಿರಬಹುದು, ಓದುಗನಿಗೆ ಗೊತ್ತಾಗುವ ದಾರಿಯಿಲ್ಲ. ಕನ್ನಡದ ಜಾಯಮಾನ ಇಂಥಲ್ಲಿ ‘ಈ ಆಯ್ಕೆ’, ‘ಈ ಪ್ರಭಾವ’ ಎಂದು ನಾಮವನ್ನು ಬೇಡುತ್ತದೆ. ಇಲ್ಲವೇ ‘ಕವಿ ದೇಸಿಯನ್ನು ಆಯ್ದುಕೊಂಡುದು ಮುಂದಿನವರ ಮೇಲೆ ಪ್ರಭಾವ ಬೀರಿತು’ ಎಂದು ಎರಡು ವಾಕ್ಯಗಳನ್ನು ಒಂದಾಗಿಸುತ್ತದೆ. ಅಸ್ಪಷ್ಟವಾದ ಒಂಟಿ ‘ಇದು’ ಅನೇಕ ವೇಳೆ ಶೈಲಿಯ ದೋಷವಾಗಿ ನಿಲ್ಲದೆ ವಾದದ ದೋಷವನ್ನೇ ಮುಚ್ಚುವ ತೆರೆಯಾಗುತ್ತದೆ. ಪಿಎಚ್.ಡಿ. ಪ್ರಬಂಧಗಳ ಕರಡನ್ನು ತಿದ್ದುವ ಮಾರ್ಗದರ್ಶಕರು ಪ್ರತಿಯೊಂದು ‘ಇದು’ ಎಂಬುದರ ಕೆಳಗೂ ಗೆರೆಯೆಳೆದು ‘ಯಾವುದು?’ ಎಂದು ಕೇಳಿದರೆ ಅರ್ಧದಷ್ಟು ಪ್ರಮೇಯಗಳು ಮರುಚಿಂತನೆಗೆ ಒಳಗಾದಾವು.

ಮೇಲಿನ ‘ಆಯ್ದುಕೊಂಡುದು’ ಎಂಬ ರೂಪದ ಕೊನೆಯಲ್ಲಿ ಕುಳಿತಿರುವುದು ಯಾವುದು? ಅದೇ ನಿರ್ದೇಶಕದ ನಪುಂಸಕ ರೂಪ. ಬಂದವನು, ಬಂದವಳು, ಬಂದವರು, ಬಂದದ್ದು; ದೊಡ್ಡವನು, ದೊಡ್ಡದು; ನನ್ನದು, ಮನೆಯದು; ಹೀಗೆ ಕೃದಂತಕ್ಕೂ ಗುಣವಾಚಕಕ್ಕೂ ಷಷ್ಠಿಗೂ ನಿರ್ದೇಶಕವನ್ನು ಅಂಟಿಸಿ ಹೊಸ ನಾಮಗಳನ್ನು ಸೃಷ್ಟಿಸುವುದು ಕನ್ನಡದ ಬಹುದೊಡ್ಡ ಶಕ್ತಿ. ಇಂಗ್ಲಿಷಿನ ‘ದೋಸ್ ಹೂ ಕೇಮ್’ ಎಂಬ ಮೂರು ಪದಗಳು ಕನ್ನಡದಲ್ಲಿ ‘ಬಂದವರು’ ಎಂಬ ಒಂದೇ ಪದ. ಇಂಗ್ಲಿಷಿನ ನಿರ್ದೇಶಕ ಬೇರೆಯ ದಿಕ್ಕಿನಲ್ಲಿ ಬೆಳೆಯಿತು. ‘ದಟ್’ ಎಂಬುದು ಉಪವಾಕ್ಯವನ್ನು ಜೋಡಿಸುವ ಕೊಂಡಿಯಾಯಿತು, ಸಂಬಂಧಸೂಚಕವೂ ಆಯಿತು. ಕನ್ನಡದಲ್ಲಿ ಕೊಂಡಿಯ ಕೆಲಸವನ್ನು ‘ಎನ್’ ಧಾತುವಿನಿಂದ ಬಂದ ‘ಎಂದು’, ‘ಎಂಬ’ಗಳು ನಿರ್ವಹಿಸುತ್ತವೆ. ‘ದಟ್’ ಎಂದರೆ ‘ಅದು’ ಎಂಬ ಸಮೀಕರಣವನ್ನು ನಂಬಿದ ವಿದ್ಯಾರ್ಥಿಗೆ ‘ಐ ನೋ ದಟ್ ಹೀ ಕೇಮ್’ ಎಂಬ ವಾಕ್ಯದಲ್ಲಿ ‘ಅದು’ ಎಲ್ಲಿಯೂ ಸಿಗುವುದಿಲ್ಲ; ಸಿಗುವುದು ‘ಎಂದು’. ನ್ಯಾಯಾಲಯ, ಕಚೇರಿಗಳ ಕನ್ನಡದಲ್ಲಿ ‘ಯಾವ ವ್ಯಕ್ತಿಯು ಅರ್ಜಿ ಸಲ್ಲಿಸಿರುತ್ತಾನೆಯೋ ಅಂತಹ ವ್ಯಕ್ತಿಯು’ ಎಂದು ಬರೆಯುವವರು ‘ಅರ್ಜಿ ಸಲ್ಲಿಸಿದವರು’ ಎಂಬ ಪದ ತಮ್ಮ ನಾಲಗೆಯ ಮೇಲೆಯೇ ಇದೆಯೆಂಬುದನ್ನು ಮರೆತಿರುತ್ತಾರೆ.

ಅ–ಇ–ಎ ಎಂಬ ಮೂರು ಸ್ವರಗಳಿಂದ ಕನ್ನಡ ಕಟ್ಟಿಕೊಂಡಿರುವ ವ್ಯವಸ್ಥೆಯನ್ನು ಒಟ್ಟಾಗಿ ನೋಡಬೇಕು: ಅಲ್ಲಿ–ಇಲ್ಲಿ–ಎಲ್ಲಿ, ಅಷ್ಟು–ಇಷ್ಟು–ಎಷ್ಟು, ಅಂಥ–ಇಂಥ–ಎಂಥ, ಹಾಗೆ–ಹೀಗೆ–ಹೇಗೆ, ಅತ್ತ–ಇತ್ತ–ಎತ್ತ, ಅಂದು–ಇಂದು–ಎಂದು. ಒಂದೇ ಮರದ ಕೊಂಬೆಗಳಂತಿರುವ ಈ ಪದಗಳನ್ನು ಶಾಲಾ ವ್ಯಾಕರಣ ಕಡಿದು ಬೇರೆ ಬೇರೆ ಕಡೆ ಒಟ್ಟಿದೆ. ‘ಅವನು’ ಸರ್ವನಾಮದಲ್ಲಿ, ‘ಅಷ್ಟು’ ಪರಿಮಾಣವಾಚಕದಲ್ಲಿ, ‘ಅಂಥ’ ಪ್ರಕಾರವಾಚಕದಲ್ಲಿ, ‘ಹಾಗೆ’ ಅವ್ಯಯದಲ್ಲಿ. ‘ಎಲ್ಲಿ’, ‘ಎಷ್ಟು’ಗಳಿಗೂ ‘ಯಾರು’ ಎಂಬುದಕ್ಕೂ ಇರುವ ನಂಟು ಹೀಗಾಗಿ ವಿದ್ಯಾರ್ಥಿಯ ಕಣ್ಣಿಗೆ ಬೀಳುವುದೇ ಇಲ್ಲ. ಇಂಗ್ಲಿಷಿನಲ್ಲಿ ‘ಹಿಯರ್–ದೇರ್–ವೇರ್’, ‘ಹೆನ್ಸ್–ದೆನ್ಸ್–ವೆನ್ಸ್’, ‘ಹಿದರ್–ದಿದರ್–ವಿದರ್’ ಎಂಬ ಸಾಲುಗಳಲ್ಲಿ ಇಂಥದೇ ಹಳೆಯ ವ್ಯವಸ್ಥೆಯೊಂದರ ಅವಶೇಷಗಳಿವೆ. ಆದರೆ ಅಲ್ಲಿ ಕಾಲಕ್ಕೆ ಸಂಬಂಧಿಸಿದಂತೆ ‘ದೆನ್’, ‘ವೆನ್’ಗಳಿದ್ದು ಅವುಗಳ ಜೊತೆಯ ಹಕಾರದ ರೂಪ ಉಳಿದಿಲ್ಲ, ಆ ಸ್ಥಾನದಲ್ಲಿ ‘ನೌ’ ಇದೆ. ಇಂಗ್ಲಿಷಿನಲ್ಲಿ ಹರಿದುಹೋದ ಈ ಬಲೆ ಕನ್ನಡದಲ್ಲಿ ಬಹುಮಟ್ಟಿಗೆ ಇಡಿಯಾಗಿ ಉಳಿದಿದೆ. ಹೀಗಿರುವಾಗ ಇಡಿಯಾದದ್ದನ್ನು ವಿವರಿಸಲು ಹರಿದದ್ದನ್ನು ಮಾದರಿಯಾಗಿ ಇಟ್ಟುಕೊಳ್ಳುವುದು ಯಾವ ಶಾಸ್ತ್ರ?

ಇಂಥ ತೌಲನಿಕ ಚರ್ಚೆ ಭಾಷಾವಿಜ್ಞಾನ ವಿಭಾಗದ್ದು, ಕನ್ನಡ ವಿಭಾಗಕ್ಕೆ ಸಾಹಿತ್ಯವೇ ಸಾಕು ಎನ್ನುವವರಿದ್ದಾರೆ. ಕರ್ನಾಟಕದ ಬಹುಪಾಲು ಪದವಿ ಕಾಲೇಜುಗಳಲ್ಲಿ ಭಾಷಾವಿಜ್ಞಾನ ವಿಭಾಗವೇ ಇಲ್ಲ. ವ್ಯಾಕರಣದ ಪಾಠವನ್ನು ಕನ್ನಡದ ಅಧ್ಯಾಪಕರೇ ಮಾಡುತ್ತಾರೆ. ಇಂಗ್ಲಿಷನ್ನು ಕನ್ನಡದ ನೆರವಿಲ್ಲದೆ ನೇರವಾಗಿ ಕಲಿಸಬೇಕು, ಹೋಲಿಕೆ ತಂದರೆ ವಿದ್ಯಾರ್ಥಿ ಮನಸ್ಸಿನಲ್ಲಿಯೇ ಅನುವಾದಿಸತೊಡಗುತ್ತಾನೆ ಎಂಬುದು ಇನ್ನೊಂದು ಆಕ್ಷೇಪ. ಈ ಆಕ್ಷೇಪದಲ್ಲಿ ತಥ್ಯವಿಲ್ಲದಿಲ್ಲ. ಆದರೆ ಅನುವಾದ ಈಗಾಗಲೇ ನಡೆದುಹೋಗಿದೆ, ಕರಿಹಲಗೆಯ ಮೇಲೆ ಬರೆದ ನಾಲ್ಕು ಅರ್ಥಗಳ ರೂಪದಲ್ಲಿ. ಉಳಿದಿರುವ ಪ್ರಶ್ನೆ ಅದು ಸರಿಯಾದ ಅನುವಾದವೇ ಎಂಬುದು ಮಾತ್ರ. ಕನ್ನಡಕ್ಕೆ ಅದರದೇ ವ್ಯಾಕರಣ ಬೇಕೆಂಬ ಶಂಕರ ಭಟ್ಟರ ವಾದ ಪರ–ವಿರೋಧಗಳ ಬಿಸಿಯಲ್ಲಿ ಹೆಚ್ಚಾಗಿ ಮಹಾಪ್ರಾಣ, ಸಂಸ್ಕೃತ ಪದಗಳ ಕಡೆಗೆ ವಾಲಿತು. ಸರ್ವನಾಮಗಳ ವಿಷಯದಲ್ಲಿ ಅವರು ಮಾಡಿದ ಕೆಲಸ ಯಾವ ಬಣಕ್ಕೂ ಸೇರದೆ, ಪಠ್ಯಪುಸ್ತಕಕ್ಕೂ ಬಾರದೆ ಉಳಿದಿದೆ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಕನ್ನಡ ವ್ಯಾಕರಣದ ಪಠ್ಯದಲ್ಲಿ ಅ–ಇ–ಎ ಸಾಲುಗಳನ್ನು ಒಂದೇ ಅಧ್ಯಾಯದಲ್ಲಿ ಕೊಟ್ಟು, ‘ನಿರ್ದೇಶಕ ಸರ್ವನಾಮ’ವೆಂಬ ಎರವಲು ವರ್ಗವನ್ನು ಕೈಬಿಡಬೇಕು. ಅನ್ಯಪುರುಷವು ನಿರ್ದೇಶಕವೇ ಎಂಬುದನ್ನು ಉತ್ತಮ–ಮಧ್ಯಮ ಪುರುಷಗಳ ಪಟ್ಟಿಯ ಬಳಿಯಲ್ಲಿಯೇ ಹೇಳಬೇಕು. ಇಂಗ್ಲಿಷ್ ಪಾಠದಲ್ಲಿ ‘ಇದು’ ಎಂಬ ಒಂದು ಅರ್ಥದ ಬದಲು ‘ಈ, ಇದು, ಇವನು, ಇವಳು, ಇವರು’ ಎಂಬ ಐದನ್ನೂ ‘ದಿಸ್’ ಎಂಬುದರ ಮುಂದೆ ಬರೆದು, ‘ಅದು’ ಎಂಬುದರ ಮುಂದೆ ‘ದಟ್’, ‘ಇಟ್’ ಎರಡನ್ನೂ ಬರೆಯಬೇಕು. ಶಿಕ್ಷಕರ ತರಬೇತಿಯಲ್ಲಿ ಕನ್ನಡ ಮತ್ತು ಇಂಗ್ಲಿಷಿನ ಅಧ್ಯಾಪಕರು ಈ ಒಂದು ಪಾಠಕ್ಕಾದರೂ ಒಂದೇ ಕೊಠಡಿಯಲ್ಲಿ ಕೂರುವಂತಾದರೆ, ಇಂಗ್ಲಿಷ್ ಅಧ್ಯಾಪಕರು ತಪ್ಪೆಂದು ಕೆಂಪು ಶಾಯಿಯಲ್ಲಿ ಸುತ್ತುಹಾಕುವ ‘ದಟ್ ಈಸ್ ಆನ್ ದಿ ಟೇಬಲ್’ ಎಂಬ ವಾಕ್ಯದ ಪಕ್ಕದಲ್ಲಿ ಕನ್ನಡದ ಅಧ್ಯಾಪಕರು ‘ಅದು ಮೇಜಿನ ಮೇಲಿದೆ’ ಎಂದು ಬರೆದು ತೋರಿಸಬಹುದು.